ಗ್ಯಾಸ್ ಬದಲಾಯಿತು, ಚಾಳಿ ಬದಲಾಗಲಿಲ್ಲ

ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವುದು ಈ ನಾಡಿನ ಹಳೆಯ ಧರ್ಮ. ಮರದ ನೆರಳು, ಗರಿಯ ಚಪ್ಪರ, ಒದ್ದೆ ಮರಳಿನ ಮೇಲೆ ಕೂರಿಸಿದ ಮಣ್ಣಿನ ಗಡಿಗೆ, ಕೇಳಿದವರಿಗೆಲ್ಲ ಒಂದು ಚೊಂಬು ನೀರು. ಇಂದು ಆ ಗಡಿಗೆಯ ಜಾಗದಲ್ಲಿ ಸ್ಟೀಲ್ ವಾಟರ್ ಕೂಲರ್ ನಿಂತಿದೆ. ಬಸ್ ನಿಲ್ದಾಣ, ತಾಲ್ಲೂಕು ಕಚೇರಿ, ಸರ್ಕಾರಿ ಆಸ್ಪತ್ರೆ, ಶಾಲೆಯ ಜಗಲಿ, ದೇವಸ್ಥಾನದ ಪ್ರಾಂಗಣ ಎಲ್ಲ ಕಡೆಯೂ ಅದರ ಹಣೆಯ ಮೇಲೆ ದಾನಿಗಳ ಹೆಸರು ಕೆಂಪು ಬಣ್ಣದಲ್ಲಿ ಹೊಳೆಯುತ್ತದೆ. ಬಾಯಾರಿದವರಿಗೆ ತಣ್ಣೀರು ಕೊಡುವುದು ಪುಣ್ಯದ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಣ್ಣೀರಿನ ಬೆನ್ನಿಗೆ ನಡೆಯುತ್ತಿರುವ ಒಂದು ತಪ್ಪನ್ನು ನಾವು ಮೂರು ದಶಕಗಳಿಂದ ಕಂಡೂ ಕಾಣದಂತೆ ಬಿಟ್ಟಿದ್ದೇವೆ. ಅದನ್ನು ಈಗ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣ. ಎರಡು ದಿನದಿಂದ ಕೂಲರಿನ ನೀರು ಬೆಚ್ಚಗೆ ಬರುತ್ತಿತ್ತು. ಬೈಕಿನಲ್ಲಿ ಬಂದ ಮೆಕ್ಯಾನಿಕ್ ಗೋಣಿಚೀಲದಿಂದ ಗೇಜು, ಟಾರ್ಚು, ಒಂದು ಚಿಕ್ಕ ಸಿಲಿಂಡರ್ ತೆಗೆದು ನೆಲಕ್ಕಿಟ್ಟ. ಪಕ್ಕದ ತಗಡು ಬಿಚ್ಚಿದರೆ ಕಂಡೆನ್ಸರಿನ ರೆಕ್ಕೆಗಳ ಮೇಲೆ ಕಂಬಳಿಯಷ್ಟು ದಪ್ಪ ಧೂಳು. ಕಂಪ್ರೆಸರಿಗೆ ಅಂಟಿದ ಸಣ್ಣ ತಾಮ್ರದ ನಳಿಗೆಯನ್ನು ಕಟರಿನಿಂದ ಕತ್ತರಿಸಿದ. ಸುಯ್ ಎಂದು ಬಿಳಿ ಮಂಜಿನಂತೆ ಒಂದಿಷ್ಟು ಹೊರಬಂತು. ಸಿಮೆಂಟಿನ ಮೇಲೆ ನಾಲ್ಕು ಹನಿ ಎಣ್ಣೆ ಬಿತ್ತು. ಸದ್ದು ನಿಲ್ಲುವವರೆಗೆ ಆತ ಮುಖ ತಿರುಗಿಸಿಕೊಂಡು ಕಾದ. ಆಮೇಲೆ ಹೊಸ ನಳಿಗೆ ಬೆಸೆದ. ವ್ಯಾಕ್ಯೂಮ್ ಪಂಪ್ ಆತನ ಬಳಿ ಇರಲಿಲ್ಲ. ಒಳಗೆ ಸೇರಿದ ಗಾಳಿಯನ್ನು ಹೊರದೂಡಲು ಹೊಸ ಗ್ಯಾಸನ್ನೇ ಸ್ವಲ್ಪ ಹೊತ್ತು ಹರಿಯಬಿಟ್ಟ. ಎಲ್ಲಿ ಸೋರುತ್ತಿತ್ತು ಎಂದು ಆತ ಹುಡುಕಲಿಲ್ಲ. ಹುಡುಕು ಎಂದು ಯಾರೂ ಹೇಳಲೂ ಇಲ್ಲ. ಹಳೆಯ ಗ್ಯಾಸನ್ನು ಹಾಗೆ ಬಿಡಬಹುದೇ ಎಂದು ಕೇಳಿದ್ದಕ್ಕೆ ಬಂದ ಉತ್ತರ ಇಷ್ಟು: "ಹಿಡಿದಿಟ್ಟು ಏನ್ ಮಾಡ್ಲಿ ಸಾರ್? ತಗೊಳ್ಳೋರು ಯಾರಿದ್ದಾರೆ?"

ಆ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರವಿಲ್ಲ ಎಂಬುದೇ ನಮ್ಮ ಆರೋಪಪಟ್ಟಿಯ ಮೊದಲ ಸಾಲು. ಓಝೋನ್ ಪದರವನ್ನು ಉಳಿಸುವ ಹೆಸರಿನಲ್ಲಿ ನಾವು ಗ್ಯಾಸಿನ ಹೆಸರನ್ನು ಬದಲಿಸಿದೆವು, ಬಾಟಲಿಯ ಬಣ್ಣ ಬದಲಿಸಿದೆವು, ಯಂತ್ರದ ಮೇಲಿನ ಚೀಟಿ ಬದಲಿಸಿದೆವು. ಗ್ಯಾಸನ್ನು ಬಯಲಿಗೆ ಬಿಡುವ ಚಾಳಿಯನ್ನು ಮಾತ್ರ ಮುಟ್ಟಲಿಲ್ಲ. ಆ ಚಾಳಿ ನಿಲ್ಲುವ ತನಕ ಬದಲಾವಣೆ ಅರ್ಧ ಕೆಲಸ, ಅಷ್ಟೇ.

ನಮ್ಮ ಬಳಕೆಯ ಮಾತೊಂದು ಈ ತಪ್ಪಿಗೆ ನೆಲೆಯಾಗಿದೆ. ನೀರು ತಣ್ಣಗಾಗದಿದ್ದರೆ "ಗ್ಯಾಸ್ ಮುಗಿದಿದೆ, ಹಾಕಿಸಬೇಕು" ಎನ್ನುತ್ತೇವೆ. ಅಡುಗೆ ಸಿಲಿಂಡರಿನ ಗ್ಯಾಸ್ ಉರಿದು ಮುಗಿಯುತ್ತದೆ. ಕೂಲರಿನ ಗ್ಯಾಸ್ ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಯಲ್ಲಿ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತ ನೀರಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಕೊಳವೆ ಗಟ್ಟಿಯಿದ್ದರೆ ಮೊದಲ ದಿನ ಹಾಕಿದ ಗ್ಯಾಸೇ ಯಂತ್ರದ ಆಯುಷ್ಯ ಪೂರ್ತಿ ಸಾಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಿಕೊಳ್ಳುವ ಕೂಲರ್ ವರ್ಷಕ್ಕೊಮ್ಮೆ ಆಕಾಶಕ್ಕೆ ಗ್ಯಾಸ್ ಸುರಿಯುವ ಕೂಲರ್. ಈ ಸರಳ ಸತ್ಯ ಕಚೇರಿಯ ಕಡತಕ್ಕೆ ಇನ್ನೂ ತಲುಪಿಲ್ಲ.

ಸುರಿದದ್ದು ಎಷ್ಟು, ಅದರಿಂದ ಏನಾಯಿತು ಎಂಬ ಲೆಕ್ಕ ಯಾರಾದರೂ ಮಾಡಬಹುದಾದದ್ದು. ಹಳೆಯ ಯಂತ್ರಗಳ ಆರ್-22 ಎಂಬ ಗ್ಯಾಸ್ ಒಂದು ಕೆಜಿ ಗಾಳಿಗೆ ಹೋದರೆ ನೂರು ವರ್ಷಗಳ ಲೆಕ್ಕದಲ್ಲಿ 1,810 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. ಅರ್ಧ ಕೆಜಿ ಬಿಟ್ಟರೆ 905 ಕೆಜಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೊರಬರುವುದು ಸುಮಾರು 2.3 ಕೆಜಿ. ಹಾಗಾದರೆ ಆ ಅರ್ಧ ಕೆಜಿಯನ್ನು ಗಾಳಿಗೆ ಬಿಡುವುದು, 390 ಲೀಟರ್ ಪೆಟ್ರೋಲನ್ನು ರಸ್ತೆ ಬದಿಯಲ್ಲಿ ಸುರಿದು ಬೆಂಕಿ ಹಚ್ಚಿದ್ದಕ್ಕೆ ಸಮ. ಅದನ್ನು ಯಾರಾದರೂ ಮಾಡಿದರೆ ಜನ ಸುಮ್ಮನಿರುವುದಿಲ್ಲ. ಕಣ್ಣಿಗೆ ಕಾಣದ, ಮೂಗಿಗೆ ಬಡಿಯದ ಗ್ಯಾಸ್ ಆದ್ದರಿಂದ ಸುಮ್ಮನಿದ್ದೇವೆ. ಇದು ಬಿಸಿಯ ಲೆಕ್ಕವಾಯಿತು. ಓಝೋನಿಗೆ ಆರ್-22 ಮಾಡುವ ಹಾನಿ ಇದರ ಮೇಲಿನದು.

ಕಾಣದ ಅಪಾಯವನ್ನು ಸುರಕ್ಷತೆ ಎಂದು ತಿಳಿದದ್ದೇ ಈ ಕಥೆಯ ಮೂಲ ತಪ್ಪು. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಸಿಎಫ್‌ಸಿ ಶೀತಕವನ್ನು ಕಂಡುಕೊಂಡರು. ಅಲ್ಲಿಯವರೆಗೆ ಫ್ರಿಜ್‌ಗಳಲ್ಲಿದ್ದ ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ವಿಷದ ಅನಿಲಗಳು. ಸೋರಿದರೆ ಜೀವ ಹೋಗುತ್ತಿತ್ತು. 1930ರಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಮಿಜ್ಲಿ ಹೊಸ ಅನಿಲವನ್ನು ಬಾಯ್ತುಂಬ ಎಳೆದುಕೊಂಡು, ಉರಿಯುತ್ತಿದ್ದ ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದರು. ವಿಷವಲ್ಲ, ಉರಿಯುವುದಿಲ್ಲ ಎಂದು ಜಗತ್ತು ನಂಬಿತು. ನಲವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, 1974ರಲ್ಲಿ, ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಆ ನಂಬಿಕೆಯ ಇನ್ನೊಂದು ಮಗ್ಗುಲನ್ನು ತೋರಿಸಿದರು. ನೆಲದ ಮೇಲೆ ಯಾವುದರ ಜತೆಗೂ ಬೆರೆಯದ ಈ ಅನಿಲ ಮೇಲೇರಿ, ಸೂರ್ಯನ ಅತಿನೇರಳೆ ಕಿರಣಕ್ಕೆ ಸಿಕ್ಕಿ ಒಡೆದು, ಕ್ಲೋರಿನ್ ಪರಮಾಣುಗಳನ್ನು ಬಿಡುತ್ತದೆ. ಒಂದೊಂದು ಪರಮಾಣುವೂ ಒಂದು ಲಕ್ಷದಷ್ಟು ಓಝೋನ್ ಅಣುಗಳನ್ನು ನುಂಗಬಲ್ಲದು. 1985ರಲ್ಲಿ ಅಂಟಾರ್ಕ್ಟಿಕದ ಹ್ಯಾಲಿ ನೆಲೆಯ ಅಳತೆಗಳಿಂದ ಬ್ರಿಟಿಷ್ ವಿಜ್ಞಾನಿಗಳು ಓಝೋನ್ ಪದರದ ತೂತನ್ನು ಲೋಕದ ಮುಂದಿಟ್ಟರು. 1987ರ ಸೆಪ್ಟೆಂಬರ್ 16ರಂದು, ಇಂಥ ಅನಿಲಗಳನ್ನು ಕಡಿಮೆ ಮಾಡುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು.

ಭಾರತ ಆ ಒಪ್ಪಂದವನ್ನು ಸೇರಿದ್ದು 1992ರಲ್ಲಿ. ತಡವಾದದ್ದಕ್ಕೆ ನ್ಯಾಯವಾದ ಕಾರಣವಿತ್ತು. ಆಕಾಶ ಕೆಡಿಸಿದವರು ಶ್ರೀಮಂತ ದೇಶದವರು, ದುರಸ್ತಿಯ ಖರ್ಚು ಬಡವರ ತಲೆಗೆ ಏಕೆ ಎಂದು ನಾವು ಕೇಳಿದೆವು. ಆ ಖರ್ಚಿಗೆಂದೇ 1990ರಲ್ಲಿ ಲಂಡನ್ನಿನಲ್ಲಿ ಬಹುಪಕ್ಷೀಯ ನಿಧಿ ಹುಟ್ಟಿತು; ಅಭಿವೃದ್ಧಿಶೀಲ ದೇಶಗಳಿಗೆ ಹತ್ತು ವರ್ಷಗಳ ಹೆಚ್ಚಿನ ಕಾಲಾವಕಾಶ ಮೊದಲೇ ಇತ್ತು. ಆ ಮಟ್ಟಿಗೆ ನಮ್ಮ ಅಹವಾಲಿಗೆ ಉತ್ತರ ಸಿಕ್ಕಿತು. ಆಮೇಲೆ ನಮ್ಮ ದೇಶ ನಡೆದುಕೊಂಡ ರೀತಿಯಲ್ಲಿ ಹೆಮ್ಮೆಪಡುವ ಸಂಗತಿಗಳಿವೆ, ಅವನ್ನು ಮರೆಮಾಚುವುದು ಸಲ್ಲದು. 2000ದ ಓಝೋನ್ ಹಾನಿಕಾರಕ ವಸ್ತುಗಳ ನಿಯಮಗಳು ಬಂದವು. 2003ರ ಜನವರಿಯಿಂದ ಹೊಸ ಶೈತ್ಯ ಯಂತ್ರಗಳಲ್ಲಿ ಸಿಎಫ್‌ಸಿ ತುಂಬುವುದು ನಿಂತಿತು. 2008ರ ಆಗಸ್ಟಿನಲ್ಲಿ, ಆಸ್ತಮಾ ಇನ್‌ಹೇಲರಿನಂಥ ಔಷಧದ ಬಳಕೆ ಬಿಟ್ಟು, ಸಿಎಫ್‌ಸಿ ಉತ್ಪಾದನೆಯೇ ನಿಂತಿತು. ಒಪ್ಪಂದದ ಗಡುವಿಗಿಂತ 17 ತಿಂಗಳು ಮುಂಚೆ. ಆರ್-22 ಸೇರಿದ ಎಚ್‌ಸಿಎಫ್‌ಸಿ ಗುಂಪಿನಲ್ಲಿ 2020ರ ಹೊತ್ತಿಗೆ ಶೇ 35ರಷ್ಟು ಕಡಿತ ಬೇಕಿತ್ತು, ಭಾರತ ಶೇ 44 ಸಾಧಿಸಿತು. ಹೊಸ ಯಂತ್ರಗಳ ತಯಾರಿಕೆಯಲ್ಲಿ ಈ ಗುಂಪಿನ ಬಳಕೆಗೆ 2024ರ ಡಿಸೆಂಬರ್ 31ನ್ನು ಕೊನೆಯ ದಿನವಾಗಿ ನಮಗೆ ನಾವೇ ಹಾಕಿಕೊಂಡೆವು.

ಕಾರ್ಖಾನೆಯ ಬಾಗಿಲಿನವರೆಗೆ ಈ ಕಥೆ ಶಿಸ್ತಿನದು. ಬಾಗಿಲು ದಾಟಿದ ಮೇಲೆ ಶಿಸ್ತು ಕಾಣೆಯಾಗುತ್ತದೆ.

ಹೊಸ ಕೂಲರಿಗೆ ಬಂದ ಗ್ಯಾಸ್ ಯಾವುದು? ಹೆಚ್ಚಿನವುಗಳಲ್ಲಿ ಆರ್-134ಎ. ಅದರಲ್ಲಿ ಕ್ಲೋರಿನ್ ಇಲ್ಲ, ಓಝೋನಿಗೆ ತೊಂದರೆಯಿಲ್ಲ. ಆದರೆ ಒಂದು ಕೆಜಿಗೆ 1,430 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ. ಗಾಳಿಯಲ್ಲಿ ಅದರ ಆಯಸ್ಸು ಸುಮಾರು 14 ವರ್ಷ. ಕೊಡೆಯ ತೂತು ಹೊಲಿಯಲು ಹೋಗಿ ಮನೆಗೆ ಕಿಚ್ಚಿಟ್ಟಂತಾಯಿತು. ಅದಕ್ಕೇ 2016ರಲ್ಲಿ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದವನ್ನು ತಿದ್ದಿ, ಆರ್-134ಎ ಸೇರಿದ ಎಚ್‌ಎಫ್‌ಸಿ ಗುಂಪನ್ನೂ ಇಳಿಸಲು ಜಗತ್ತು ಒಪ್ಪಿತು. ಆ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. 2028ರಲ್ಲಿ ನಮ್ಮ ಬಳಕೆಯ ಏರಿಕೆಗೆ ತಡೆ ಬೀಳುತ್ತದೆ. 2032ರಿಂದ ಕಡಿತ ಶುರುವಾಗಿ 2047ಕ್ಕೆ ಶೇ 85 ತಲುಪಬೇಕು. ಇಂದು ಕೊಂಡ ಕೂಲರ್ ಹನ್ನೆರಡು ಹದಿನೈದು ವರ್ಷ ನಿಲ್ಲುತ್ತದೆ. ಅಂದರೆ ಅದು ಮುಪ್ಪಾಗಿ ಸೋರಲು ಶುರುವಾಗುವ ಹೊತ್ತಿಗೆ ಅದಕ್ಕೆ ಬೇಕಾದ ಗ್ಯಾಸಿನ ಮೇಲೇ ಕಡಿತದ ಕತ್ತರಿ ಆಡುತ್ತಿರುತ್ತದೆ. ಇದನ್ನು ತಿಳಿದೂ ಸಾರ್ವಜನಿಕ ಹಣದಿಂದ ಆರ್-134ಎ ಕೂಲರ್ ಕೊಳ್ಳುವುದು ದುಂದು. ಹಾಗೆಂದೇ ಕರೆಯಬೇಕು.

ಪರ್ಯಾಯವಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ. ನಮ್ಮ ಮನೆಗಳ ಹೊಸ ಫ್ರಿಜ್ಜಿನ ಬೆನ್ನು ನೋಡಿದರೆ ಆರ್-600ಎ ಎಂದು ಬರೆದಿರುತ್ತದೆ; ಅದು ಐಸೊಬ್ಯೂಟೇನ್. ಗೋದ್ರೆಜ್ ಕಂಪನಿ 2012ರಲ್ಲಿಯೇ ಆರ್-290, ಅಂದರೆ ಶುದ್ಧ ಪ್ರೊಪೇನ್ ತುಂಬಿದ ಎ.ಸಿ.ಯನ್ನು ಇದೇ ದೇಶದ ಮಾರುಕಟ್ಟೆಗೆ ತಂದಿತು. ಇವೆರಡೂ ಓಝೋನನ್ನು ಮುಟ್ಟುವುದಿಲ್ಲ. ಬಿಸಿ ಮಾಡುವ ಶಕ್ತಿ ಆರ್-134ಎಯ ನೂರರಲ್ಲಿ ಒಂದು ಪಾಲೂ ಇಲ್ಲ. ಗ್ಯಾಸೂ ಕಡಿಮೆ ಸಾಕು. ದೊಡ್ಡ ಪ್ರಮಾಣದ ತಂಪಿಗೆ ನಮ್ಮ ಹಾಲಿನ ಡೇರಿಗಳನ್ನು ನೋಡಿದರಾಯಿತು. ಅಲ್ಲಿ ಅಮೋನಿಯಾ ಘಟಕಗಳು ದಶಕಗಳಿಂದ ನಡೆಯುತ್ತಿವೆ. ಬೆಂಗಳೂರಿನ ಟೆಕ್ ಪಾರ್ಕು, ಮಾಲು, ಆಸ್ಪತ್ರೆಗಳ ನೆಲಮಾಳಿಗೆಯಲ್ಲಿ ನೂರಾರು ಕೆಜಿ ಶೀತಕ ತುಂಬಿಕೊಂಡು ನಿಂತ ಚಿಲ್ಲರುಗಳಿಗೂ ಕಡಿಮೆ ಹಾನಿಯ ಹೊಸ ಅನಿಲಗಳು ಬಂದಿವೆ. ಯಂತ್ರ ದೊಡ್ಡದಾದಷ್ಟೂ ಸೋರಿಕೆಯ ಪಾಪವೂ ದೊಡ್ಡದು. ಆ ಕಟ್ಟಡಗಳ ಒಡೆಯರಿಗೂ ಈ ಮಾತು ಅನ್ವಯಿಸುತ್ತದೆ.

ಪ್ರೊಪೇನ್, ಬ್ಯೂಟೇನ್ ಹೊತ್ತಿಕೊಳ್ಳುವ ಅನಿಲಗಳು ಎಂಬ ಆತಂಕ ನಿಜವಾದದ್ದು. ಅದನ್ನು ತಳ್ಳಿಹಾಕುವುದು ಬೇಜವಾಬ್ದಾರಿ. ಅದಕ್ಕಾಗಿಯೇ ಇಂಥ ಯಂತ್ರದಲ್ಲಿ ತುಂಬುವ ಗ್ಯಾಸಿಗೆ ಗ್ರಾಮಿನ ಲೆಕ್ಕದ ಮಿತಿಯಿದೆ. ಕಿಡಿ ಹಾರದ ಸ್ವಿಚ್ಚು, ರಿಲೇ ಅದರಲ್ಲಿರುತ್ತವೆ. ನಿಜವಾದ ಅಪಾಯ ಇರುವುದು ಬೇರೆ ಕಡೆ. ಆರ್-22ಕ್ಕೋ ಆರ್-134ಎಗೋ ಕಟ್ಟಿದ ಹಳೆಯ ಯಂತ್ರಕ್ಕೆ ಅಡುಗೆ ಮನೆಯ ಎಲ್‌ಪಿಜಿ ತುಂಬಿ ಕೈತೊಳೆದುಕೊಳ್ಳುವ ಕೆಟ್ಟ ಪದ್ಧತಿ ದುರಸ್ತಿ ಲೋಕದಲ್ಲಿದೆ. ಅಡುಗೆ ಅನಿಲ ಶೀತಕವಲ್ಲ. ಅದು ಬೆರಕೆ, ಅದರಲ್ಲಿ ವಾಸನೆಗೆಂದು ಬೆರೆಸಿದ ಗಂಧಕದ ಸಂಯುಕ್ತವಿದೆ, ತೇವವೂ ಇರಬಹುದು. ಹಳೆಯ ಯಂತ್ರದ ಥರ್ಮೋಸ್ಟಾಟಿನಲ್ಲಿ, ರಿಲೇಯಲ್ಲಿ ಕಿಡಿ ಹಾರುತ್ತದೆ. ಶಾಲೆಯ ಮಕ್ಕಳು ಲೋಟ ಹಿಡಿದು ಸಾಲು ನಿಲ್ಲುವ ಕಡೆ ಇಂಥ ಯಂತ್ರ ನಿಲ್ಲಿಸುವುದು ಅಪರಾಧ. ತಪ್ಪು ಗ್ಯಾಸಿನ ಬೆಲೆ ಎಷ್ಟೆಂದು ಜಗತ್ತು 2011ರಲ್ಲಿ ಕಂಡಿದೆ. ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತ ನಕಲಿ ಅನಿಲ ತುಂಬಿದ್ದ ಹಡಗಿನ ಶೈತ್ಯ ಕಂಟೇನರುಗಳು ಸಿಡಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಹೊಸ ಅನಿಲಕ್ಕೆ ಹೊಸದಾಗಿಯೇ ಕಟ್ಟಿದ ಯಂತ್ರ ಬೇಕು, ಅದನ್ನು ಕಲಿತ ಕೈ ಬೇಕು. ಅಡ್ಡದಾರಿ ಇಲ್ಲ.

ಹಾಗಾದರೆ ತಪ್ಪಿತಸ್ಥರು ಯಾರು? ಗೋಣಿಚೀಲ ಹೊತ್ತು ಬಂದ ಮೆಕ್ಯಾನಿಕ್ ಸಾಲಿನಲ್ಲಿ ಕೊನೆಯವನು. ಆತನಿಗೆ ಹಳೆಯ ಗ್ಯಾಸನ್ನು ಹಿಡಿದಿಡುವ ರಿಕವರಿ ಯಂತ್ರ ಕೊಳ್ಳುವ ಶಕ್ತಿಯಿಲ್ಲ. ಹಿಡಿದ ಗ್ಯಾಸನ್ನು ಕೊಡಲು ಜಾಗವಿಲ್ಲ. ಸೋರಿಕೆ ಹುಡುಕಿದ ಅರ್ಧ ದಿನಕ್ಕೆ ಕೂಲಿ ಕೊಡುವವರಿಲ್ಲ.

ಮೊದಲ ತಪ್ಪು ಖರೀದಿಯ ಮೇಜಿನದು. ಕೂಲರಿನ ಟೆಂಡರಿನಲ್ಲಿ ಎಷ್ಟು ಲೀಟರ್, ಎಷ್ಟು ನಲ್ಲಿ, ಸ್ಟೀಲ್ ಎಷ್ಟು ದಪ್ಪ, ಯಾರ ದರ ಕಡಿಮೆ ಎಂದೆಲ್ಲ ಕೇಳುತ್ತಾರೆ. ಒಳಗೆ ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬ ಪ್ರಶ್ನೆಗೆ ಅಷ್ಟೇ ತೂಕ ಕೊಡುವ ಕಚೇರಿ ಅಪರೂಪ. ಎರಡನೆಯ ತಪ್ಪು ವಾರ್ಷಿಕ ನಿರ್ವಹಣೆಯ ಗುತ್ತಿಗೆಯದು. ಅದರಲ್ಲಿ ಗ್ಯಾಸ್ ಚಾರ್ಜಿಂಗಿಗೆ ದರವಿರುತ್ತದೆ, ಸೋರಿಕೆ ಮುಚ್ಚಿದ್ದಕ್ಕೆ ಇರುವುದಿಲ್ಲ. ತೂತು ಮುಚ್ಚಿದವನಿಗೆ ಕೂಲಿಯಿಲ್ಲ, ತುಂಬಿದವನಿಗೆ ಬಿಲ್ಲು ಎಂದಾದರೆ ತೂತು ಯಾರ ಹಿತಕ್ಕೆ ಉಳಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೂರನೆಯ ಮತ್ತು ಅತಿ ದೊಡ್ಡ ತಪ್ಪು ಸರ್ಕಾರದ್ದು. ಗ್ಯಾಸ್ ತಯಾರಿಸುವವನಿಗೆ, ಆಮದು ಮಾಡುವವನಿಗೆ ಕೋಟಾ, ಪರವಾನಗಿ, ಲೆಕ್ಕಪತ್ರ ಎಲ್ಲವೂ ಇದೆ. ಅದೇ ಗ್ಯಾಸ್ ತಾಲ್ಲೂಕಿನ ಅಂಗಡಿ ತಲುಪಿದ ಮೇಲೆ ಅದನ್ನು ಕೇಳುವವರಿಲ್ಲ. ಅಮೆರಿಕದಲ್ಲಿ ದುರಸ್ತಿಯ ವೇಳೆ ಓಝೋನಿಗೆ ಹಾನಿ ಮಾಡುವ ಶೀತಕವನ್ನು ಗಾಳಿಗೆ ಬಿಡುವುದು 1992ರ ಜುಲೈ 1ರಿಂದ ನಿಷಿದ್ಧ. ನಮ್ಮಲ್ಲಿ ಅದು ಇನ್ನೂ ದಿನನಿತ್ಯದ ಕೆಲಸ.

ಕರ್ನಾಟಕ ಸರ್ಕಾರ ದೆಹಲಿಯ ಕಡೆ ಕೈತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. ಕೊಳ್ಳುವವರು ನಾವು, ಸೋರಿಸುವವರೂ ನಾವು. ಆದ್ದರಿಂದ ನಮ್ಮ ಒತ್ತಾಯಗಳು ಸ್ಪಷ್ಟ. ಸಾರ್ವಜನಿಕ ಸಂಗ್ರಹಣೆಯ 1999ರ ಪಾರದರ್ಶಕತೆ ಕಾಯ್ದೆಯಡಿ ಕರೆಯುವ ಪ್ರತಿ ಟೆಂಡರಿನಲ್ಲೂ ಹೊಸ ಕೂಲರ್ ಆರ್-290 ಅಥವಾ ಆರ್-600ಎಯದ್ದೇ ಆಗಿರಬೇಕೆಂದು ಬರೆಯಬೇಕು. ಯಂತ್ರದ ಮುಖದ ಮೇಲೆ, ದಾನಿಯ ಹೆಸರಿನ ಪಕ್ಕದಲ್ಲಿ, ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಕನ್ನಡದಲ್ಲಿ ಅಚ್ಚಾಗಿರಬೇಕು. ನಿರ್ವಹಣೆಯ ಗುತ್ತಿಗೆಯಲ್ಲಿ ಸೋರಿಕೆ ದುರಸ್ತಿಗೆ ಮೊದಲ ಕೂಲಿ ಸಲ್ಲಬೇಕು. ಪರೀಕ್ಷೆ ಮಾಡದೆ ತುಂಬಿದ ಗ್ಯಾಸಿಗೆ ಒಂದು ರೂಪಾಯಿಯೂ ಪಾವತಿಯಾಗಬಾರದು. ಪ್ರತಿ ಕೂಲರಿಗೂ ಒಂದು ಚೀಟಿ ತೂಗುಹಾಕಿ, ಎಷ್ಟು ತೆಗೆದರು, ಎಷ್ಟು ತುಂಬಿದರು ಎಂದು ದಾಖಲಿಸಬೇಕು.

ಹಿಡಿದ ಗ್ಯಾಸಿಗೊಂದು ನೆಲೆ ಬೇಕು. ಅದಕ್ಕೆ ಹೊಸ ಕಟ್ಟಡ ಕಟ್ಟಬೇಕಿಲ್ಲ. ಶೈತ್ಯ ಮತ್ತು ಹವಾನಿಯಂತ್ರಣದ ತರಬೇತಿ ಕೊಡುವ ಐಟಿಐಗಳು ನಮ್ಮಲ್ಲಿವೆ. ಜಿಲ್ಲೆಗೊಂದು ಐಟಿಐಯಲ್ಲಿ ರಿಕವರಿ ಯಂತ್ರಗಳನ್ನಿಟ್ಟು ಕಡಿಮೆ ಬಾಡಿಗೆಗೆ ಕೊಡಲಿ. ಮೆಕ್ಯಾನಿಕ್ ತಂದ ಗ್ಯಾಸನ್ನು ತೂಕಕ್ಕೆ ಕೊಂಡು, ಶುದ್ಧಮಾಡುವ ಇಲ್ಲವೇ ನಾಶಮಾಡುವ ಘಟಕಕ್ಕೆ ಕಳಿಸಲಿ. ಹಿಡಿದವನ ಕೈಗೆ ಹಣ ಬರುವಂತಾದರೆ ಬಯಲಿಗೆ ಬಿಡುವ ಕೈ ತಾನಾಗಿ ತಡೆಯುತ್ತದೆ. 2019ರ ಭಾರತದ ಶೀತಲೀಕರಣ ಕ್ರಿಯಾ ಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿ ಇಟ್ಟಿತ್ತು. ಆ ತರಬೇತಿಯ ಪ್ರಮಾಣಪತ್ರವಿಲ್ಲದವರಿಗೆ ಶೀತಕ ಮಾರಬಾರದು. ಪ್ರಮಾಣಪತ್ರ ಪಡೆಯಲು ಹಣವಿಲ್ಲದವರಿಗೆ ಸರ್ಕಾರವೇ ಕೊಡಿಸಬೇಕು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಮೇಲೂ ಗ್ಯಾಸ್ ಬಿಟ್ಟವರಿಗೆ, ಬಿಡಿಸಿದ ಕಚೇರಿಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ದಂಡ ಬೀಳಲೇಬೇಕು. ಗುಜರಿಗೆ ಹೋಗುವ ಹಳೆಯ ಕೂಲರ್ ಗ್ಯಾಸ್ ತೆಗೆಸಿಕೊಳ್ಳದೆ ಕಚೇರಿಯ ಗೇಟು ದಾಟಬಾರದು. ಹರಾಜಿನಲ್ಲಿ ಬಂದ ನಾಲ್ಕು ಕಾಸಿಗಾಗಿ ತಾಮ್ರದ ಕೊಳವೆಯನ್ನು ಸುತ್ತಿಗೆಯಿಂದ ಒಡೆಯುವ ದೃಶ್ಯ ಇನ್ನು ಸಾಕು.

ಒಂದು ಕೂಲರಿನಿಂದ ಏನಾದೀತು ಎನ್ನುವವರಿಗೆ ಒಂದು ಮಾತು. ಆಕಾಶಕ್ಕೆ ಸುಳ್ಳು ಹೇಳಲಾಗದು. ನಿಷೇಧವಾಗಿದ್ದ ಸಿಎಫ್‌ಸಿ-11 ಗಾಳಿಯಲ್ಲಿ ಇಳಿಯಬೇಕಾದಷ್ಟು ವೇಗವಾಗಿ ಇಳಿಯುತ್ತಿಲ್ಲವೆಂದು 2018ರಲ್ಲಿ ವಿಜ್ಞಾನಿಗಳು ಅಳತೆಯಿಂದಲೇ ಕಂಡುಹಿಡಿದರು. ಜಾಡು ಪೂರ್ವ ಚೀನಾಕ್ಕೆ ಹೋಯಿತು. ಲೋಕದ ಕಣ್ಣು ಬಿದ್ದ ಮೇಲೆ ಸೋರಿಕೆ ಇಳಿಯಿತು. ನಾವು ಕಡತದಲ್ಲಿ ಏನೇ ಬರೆದುಕೊಂಡರೂ ಬಿಟ್ಟ ಗ್ಯಾಸ್ ಅಲ್ಲಿ ದಾಖಲಾಗಿರುತ್ತದೆ. ಒಳ್ಳೆಯದೂ ಹಾಗೆಯೇ ದಾಖಲಾಗುತ್ತದೆ. ಈಗಿನ ನೀತಿಗಳು ಉಳಿದರೆ ಜಗತ್ತಿನ ಬಹುಭಾಗದ ಓಝೋನ್ 2040ರ ಸುಮಾರಿಗೆ, ಅಂಟಾರ್ಕ್ಟಿಕದ ಮೇಲಿನದು 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳಬಹುದೆಂದು ವಿಶ್ವಸಂಸ್ಥೆ ಬೆಂಬಲದ 2022ರ ವೈಜ್ಞಾನಿಕ ಮೌಲ್ಯಮಾಪನ ಹೇಳಿದೆ. ಮನುಷ್ಯರು ಒಟ್ಟಾಗಿ ಮಾಡಿದ ಇಷ್ಟು ದೊಡ್ಡ ದುರಸ್ತಿ ಇನ್ನೊಂದಿಲ್ಲ. ಅದನ್ನು ನಮ್ಮ ಬಸ್ ನಿಲ್ದಾಣದ ಮೂಲೆಯಲ್ಲಿ ಸೋರಿ ಹೋಗಲು ಬಿಡಬಾರದು.

ಪ್ರತಿ ಸೆಪ್ಟೆಂಬರ್ 16ರಂದು ಓಝೋನ್ ದಿನ ಆಚರಿಸುತ್ತೇವೆ. ಭೂಮಿಯ ಮೇಲೆ ಕೊಡೆ ಹಿಡಿದ ಚಿತ್ರವನ್ನು ಮಕ್ಕಳು ಶ್ರದ್ಧೆಯಿಂದ ಬಿಡಿಸುತ್ತಾರೆ, ಬಹುಮಾನ ಪಡೆಯುತ್ತಾರೆ, ಬಾಯಾರಿ ಜಗಲಿಯ ಕೂಲರಿನ ಬಳಿಗೆ ಬರುತ್ತಾರೆ. ಆ ಮಕ್ಕಳ ಶ್ರದ್ಧೆಗೆ ದೊಡ್ಡವರು ತೋರಬೇಕಾದ ಗೌರವ ಇನ್ನು ಭಾಷಣದಲ್ಲಿರಬಾರದು, ಖರೀದಿಯ ಕಾಗದದಲ್ಲಿರಬೇಕು. ಅರವಟ್ಟಿಗೆ ಇಟ್ಟ ಹಿರಿಯರು ಗಡಿಗೆ ಸೋರುತ್ತಿದ್ದರೆ ಅದಕ್ಕೆ ದಿನವೂ ನೀರು ತುಂಬುತ್ತ ಕೂರುತ್ತಿರಲಿಲ್ಲ, ಗಡಿಗೆ ಬದಲಿಸುತ್ತಿದ್ದರು. ಮುಂದಿನ ಬೇಸಿಗೆಗೆ ಕೊಳ್ಳುವ ಕೂಲರಿನ ಟೆಂಡರ್ ಯಾವುದೋ ಕಚೇರಿಯಲ್ಲಿ ಈಗಾಗಲೇ ಸಿದ್ಧವಾಗುತ್ತಿರುತ್ತದೆ. ಅದರಲ್ಲಿ ಗ್ಯಾಸಿನ ಹೆಸರು ಬರೆಯುವ ಒಂದು ಸಾಲು ಖಾಲಿ ಇದೆ. ಸಹಿ ಹಾಕುವ ಮುನ್ನ ಅದನ್ನು ತುಂಬಿ.